ಚರಗದ ಬುತ್ತಿ



ಎಳ್ಳಮಾವಾಸ್ಯೆಯಂದು ಹುನಗುಂದ, ಬಾದಾಮಿ ಸೀಮೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ. ಮನೆಮಂದಿಯೆಲ್ಲ ಹೊಲದಲ್ಲಿ. ಇಳಕಲ್ ಸೀರೆಯುಟ್ಟ ಹೆಂಗಸರ ತಲೆಯ ಮೇಲಿನ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬುತ್ತಿಯನ್ನು ಮೊದಲು ಬೆಳೆಗೆ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ನೆರೆಹೊಲದವರನ್ನೂ ದಾರಿಹೋಕರನ್ನೂ ಕರೆದು ಊಟ. ಕರೆದಾಗ ನಾವೂ ಹೋಗಿ ಉಂಡಿದ್ದೇವೆ.

ಮಣ್ಣಿಗೆ ಹತ್ತಿರವಾದ ಈ ಸರಳ ಬಾಳಿನಲ್ಲೇ ಅರ್ಥವಿದೆ ಎಂದು ನಗರದಿಂದ ಬಂದವರು ಬೇಗ ಹೇಳಿಬಿಡುತ್ತಾರೆ. ನಮಗೆ ಅಷ್ಟು ಅವಸರವಿಲ್ಲ. ಇಲ್ಲಿಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದು ಮಣ್ಣಲ್ಲಿ ಉಳಿದ ತೇವದಿಂದ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಕೈಕೊಟ್ಟರೆ ಬಿತ್ತನೆಯೇ ಇಲ್ಲ. ಆಗಲೂ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಮಕ್ಕಳೊಂದಿಗೆ ಗೋವಾಕ್ಕೋ ಮಂಗಳೂರಿಗೋ ಕಟ್ಟಡದ ಕೂಲಿಗೆ ಹೋಗುತ್ತಾರೆ. ಆ ಬೀಗವೇ ಬೇರೆ. ಬಾದಾಮಿಯ ಗುಹೆ ನೋಡಲು ಬಂದು ಹಳ್ಳಿಯ ಬಡತನವನ್ನು ಸರಳತೆಯೆಂದು ಹೊಗಳುವವರು ಅದನ್ನೂ ನೋಡಿ ಹೋಗಲಿ.

ಬರೀ ಮಣ್ಣಿನ ಸಾಮೀಪ್ಯ ಮನುಷ್ಯನ ಮನಸ್ಸನ್ನು ತುಂಬುವುದಿಲ್ಲ. ತಾನು ಬೆಳೆದದ್ದರಲ್ಲಿ ಇನ್ನೊಬ್ಬರಿಗೆ ಕೊಡಲು ಏನಾದರೂ ಇರಬೇಕು. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಈ ಸೀಮೆಯದೇ. 12ನೇ ಶತಮಾನದ ಶರಣರು ಕಾಯಕಕ್ಕೆ ದಾಸೋಹವನ್ನು ಜೋಡಿಸಿದರು. ಹೊಲದ ಅಂಚಿನ ತೆನೆಯನ್ನು ಬಡವರಿಗೂ ಪರದೇಶಿಗೂ ಬಿಡಬೇಕೆಂದು ನಮ್ಮ ಯಾಜಕಕಾಂಡ ವಿಧಿಸುತ್ತದೆ. ಚರಗ ಚೆಲ್ಲುವ ರೈತ ಎರಡನ್ನೂ ಓದಿರಲಿಕ್ಕಿಲ್ಲ.

ಆಲಮಟ್ಟಿ ಜಲಾಶಯದಲ್ಲಿ 519.6 ಮೀಟರ್‌ವರೆಗೆ ನೀರು ನಿಂತಾಗ ಹಳೆ ಬಾಗಲಕೋಟೆಯ ಒಂದಷ್ಟು ಭಾಗವೂ ಹೊಳೆದಂಡೆಯ ಹೊಲಗಳೂ ಮುಳುಗಿದವು. ನವನಗರಕ್ಕೆ ಬಂದು ನೆಲೆಸಿದ ಹಿರಿಯರೊಬ್ಬರು ನಮಗೆ ಹೇಳಿದರು: “ಫಾದರ್, ಪರಿಹಾರದ ರೊಕ್ಕ ಬಂತು, ಮಕ್ಕಳ ಮದಿವಿಗೆ ಆತು. ಹೊಲ ಇದ್ದಾಗ ಮಳಿ ಬರಲಿಲ್ಲಂದ್ರ ಬಯ್ಯಾಕರ ಒಂದು ಮುಗಿಲಿತ್ತು. ಈಗ ಯಾರಿಗೆ ಬಯ್ಯೂದ್ರಿ?”

ಅವರು ಪ್ರತಿ ಎಳ್ಳಮಾವಾಸ್ಯೆಗೆ ಹುನಗುಂದದ ಕಡೆ ಬೀಗರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕಳೆದ ಸಲ ಬೀಗರು ಚರಗದ ಬುಟ್ಟಿಯನ್ನು ಅವರ ಕೈಗೇ ಕೊಟ್ಟರು. ಹೊಲ ತಮ್ಮದಲ್ಲವೆಂಬುದನ್ನು ಮರೆತು ಅವರು ಬದುವಿನುದ್ದಕ್ಕೂ ಚೆಲ್ಲುತ್ತಾ ನಡೆದೇ ನಡೆದರು. ಊಟಕ್ಕೆ ನಾವೇ ಕೂಗಿ ಕರೆಯಬೇಕಾಯಿತು.