ಮಾಲ್ಗುಡಿ ಚಿತ್ರಗಳಲ್ಲಿ ಮೂಡುವುದಾದರೆ

ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಯಶವಂತಪುರವನ್ನು ಬಿಟ್ಟು ತುಮಕೂರು, ಅರಸೀಕೆರೆ, ಬೀರೂರುಗಳನ್ನು ದಾಟಿ, ಶಿವಮೊಗ್ಗವನ್ನೂ ಹಿಂದಿಕ್ಕಿದ ಮೇಲೆ ಕಾಡಿನ ಅಂಚಿನಲ್ಲಿ ಅರಸಾಳು ಎಂಬ ಪುಟ್ಟ ನಿಲ್ದಾಣ ಎದುರಾಗುತ್ತದೆ. ಹೊಸನಗರ ತಾಲ್ಲೂಕಿನ ಈ ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯವರು ೨೦೨೦ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಅಲ್ಲಿ ಯಾವ ಅರಸನ ಕತ್ತಿಯೂ ಇಲ್ಲ, ಯಾವ ಯುದ್ಧದ ನೆನಪೂ ಇಲ್ಲ. ಭೂಪಟದಲ್ಲೆಲ್ಲಿಯೂ ಇಲ್ಲದ ಒಂದು ಊರಿನ ನೆನಪಿಗಾಗಿ ಕಟ್ಟಿದ ಮನೆ ಅದು. ಆ ಊರೇ ಮಾಲ್ಗುಡಿ.

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ ೧೯೮೬ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್ ಅವರದು. ಅದರ ಎಲ್ಲ ಕಥೆಗಳೂ ಮಕ್ಕಳಿಗಾಗಿ ಬರೆದವಲ್ಲ. ಆದರೆ 'ಸ್ವಾಮಿ ಮತ್ತು ಅವನ ಸ್ನೇಹಿತರು' ಎಂಬ ಕಾದಂಬರಿಯ ಭಾಗವನ್ನು ಈ ದೇಶದ ಮಕ್ಕಳು ತಮ್ಮದೆಂದೇ ಸ್ವೀಕರಿಸಿದರು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಅಭಿನಯಿಸಿದ್ದನ್ನು ಕಂಡವರು ಇಂದು ತಾವೇ ತಂದೆತಾಯಿಗಳಾಗಿದ್ದಾರೆ. ಕೆಲವರು ಅಜ್ಜ ಅಜ್ಜಿಯರೂ ಆಗಿದ್ದಾರೆ.

ಇಂದು ಮಕ್ಕಳ ಹಳೆಯ ಧಾರಾವಾಹಿಗಳನ್ನು ಅನಿಮೇಷನ್ ಚಿತ್ರಗಳನ್ನಾಗಿ ಮಾಡುವ ಪರಿಪಾಠ ಜಗತ್ತಿನಾದ್ಯಂತ ಬೆಳೆದಿದೆ. ಹಾಗಿರುವಾಗ ನಮ್ಮ ಮಾಲ್ಗುಡಿಯೂ ಹಾಗೆ ಚಲಿಸುವ ಚಿತ್ರಗಳಲ್ಲಿ ಮೂಡಬಹುದೇ, ಮೂಡುವುದಾದರೆ ಏನನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. ನಮ್ಮ ಮಕ್ಕಳ ಮನಸ್ಸಿನಲ್ಲಿ ಎಂಥ ಕಥೆ ನೆಲೆಸಬೇಕು, ಅದು ಯಾವ ಭಾಷೆಯಲ್ಲಿ ನೆಲೆಸಬೇಕು ಎಂಬ ಪ್ರಶ್ನೆ.

ಗೆರೆ ನಮಗೆ ಹೊಸದಲ್ಲ

ಮಾಲ್ಗುಡಿಗೂ ಗೆರೆಗೂ ಇರುವ ನಂಟು ಹಳೆಯದು. ಧಾರಾವಾಹಿಯ ಶೀರ್ಷಿಕೆಯೊಡನೆ ತೆರೆಯ ಮೇಲೆ ಮೂಡುತ್ತಿದ್ದ ರೇಖಾಚಿತ್ರಗಳು ನಾರಾಯಣ್ ಅವರ ಸಹೋದರ ಆರ್.ಕೆ. ಲಕ್ಷ್ಮಣ್ ಅವರವು. ನಟರ ಮುಖ ಕಾಣುವ ಮೊದಲೇ ನಾವು ಮಾಲ್ಗುಡಿಯನ್ನು ಕಂಡದ್ದು ಗೆರೆಗಳಲ್ಲಿ. ಆದ್ದರಿಂದ ಅನಿಮೇಷನ್ ಮಾಲ್ಗುಡಿಗೆ ಪರಕೀಯವೆಂದು ಯಾರೂ ಆಕ್ಷೇಪಿಸುವಂತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ನಮ್ಮ ನಾಡಿನ ತೊಗಲುಗೊಂಬೆಯಾಟವೂ ಒಂದು ಬಗೆಯ ಚಲಿಸುವ ಚಿತ್ರವೇ ಅಲ್ಲವೆ? ಬಿಳಿಯ ಪರದೆ, ಅದರ ಹಿಂದೆ ದೀಪ, ಬಣ್ಣ ಹಚ್ಚಿದ ತೊಗಲಿನ ಆಕೃತಿ. ಅಲ್ಲಿ ಹಾಡು ಮತ್ತು ಮಾತನ್ನು ಅನುಸರಿಸಿ ಗೊಂಬೆ ಕುಣಿಯುತ್ತದೆ. ಇಂದಿನ ಅನಿಮೇಷನ್ ಕಾರ್ಯಾಗಾರಗಳಲ್ಲಿಯೂ ಸಾಮಾನ್ಯವಾಗಿ ಇದೇ ಕ್ರಮ. ಕಥೆಯನ್ನು ಮೊದಲು ಚಿಕ್ಕ ಚಿಕ್ಕ ಚಿತ್ರಗಳ ಸಾಲಾಗಿ ಬರೆದುಕೊಳ್ಳುತ್ತಾರೆ. ಅನಂತರ ಮಾತನ್ನು ಧ್ವನಿಮುದ್ರಿಸುತ್ತಾರೆ. ಆ ಮಾತಿಗೆ ತಕ್ಕಂತೆ ತುಟಿ, ಕಣ್ಣು, ಕೈಗಳ ಚಲನೆಯನ್ನು ರಚಿಸುತ್ತಾರೆ. ಮಾತು ಮೊದಲು, ಗೊಂಬೆ ಅನಂತರ ಎಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಭಾಷೆಯ ವಿಚಾರ ಬಂದಾಗ ಇದು ಬೇಕಾಗುತ್ತದೆ.

ಹಿಗ್ಗಿಸುವ ಚಪಲ

ಈ ಕಾರ್ಯದ ಶ್ರಮ ಎಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ ೨೪ ಚೌಕಟ್ಟುಗಳು ಸರಿಯುತ್ತವೆ. ೯೦ ನಿಮಿಷಗಳ ಚಿತ್ರಕ್ಕೆ ೧,೨೯,೬೦೦ ಚೌಕಟ್ಟುಗಳು ಬೇಕು. ಕೈಯಿಂದ ಬರೆಯುವವರು ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ೬೪,೮೦೦ ಚಿತ್ರಗಳಾಗುತ್ತವೆ. ಇಷ್ಟು ಶ್ರಮಕ್ಕೆ ದೊಡ್ಡ ಬಂಡವಾಳ ಬೇಕು. ಬಂಡವಾಳ ದೊಡ್ಡದಾದೊಡನೆ ಕಥೆಯೂ ದೊಡ್ಡದಾಗಬೇಕು ಎಂಬ ಒತ್ತಡ ಹುಟ್ಟುತ್ತದೆ. ಚಿಕ್ಕ ತೆರೆಯ ಕಥೆ ದೊಡ್ಡ ತೆರೆಗೆ ಏರುವಾಗ ಎಡವುವುದು ಇಲ್ಲಿಯೇ.

ಪರದೇಶದ ಎರಡು ನಿದರ್ಶನಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. ಫ್ರಾನ್ಸಿನಲ್ಲಿ ೧೯೬೪ರಲ್ಲಿ ಸೆರ್ಜ್ ದಾನೋ ಎಂಬವರು ಗೊಂಬೆಗಳಿಂದ ರೂಪಿಸಿದ ಒಂದು ಧಾರಾವಾಹಿ, ಎರಿಕ್ ಥಾಮ್ಸನ್ ಹೊಸದಾಗಿ ಬರೆದ ಮಾತುಗಳೊಡನೆ 'ದಿ ಮ್ಯಾಜಿಕ್ ರೌಂಡಬೌಟ್' ಎಂಬ ಹೆಸರಿನಲ್ಲಿ ಬಿ.ಬಿ.ಸಿ.ಯಲ್ಲಿ ಪ್ರಸಾರವಾಗಿ ಮನೆಮಾತಾಯಿತು. ಐದೇ ನಿಮಿಷದ ಕಂತು. ಒಂದು ತೋಟ, ಒಬ್ಬ ಹುಡುಗಿ, ಒಂದು ನಾಯಿ, ಸಾವಧಾನದ ಹರಟೆ. ಇಷ್ಟೇ ಅದರ ಬಂಡವಾಳ. ೨೦೦೫ರಲ್ಲಿ ಅದನ್ನು ಅನಿಮೇಷನ್ ಚಿತ್ರವಾಗಿಸಿದವರು ಲೋಕವನ್ನೆಲ್ಲ ಹೆಪ್ಪುಗಟ್ಟಿಸಲು ಹೊರಟ ಒಬ್ಬ ಹಿಮಮಾಂತ್ರಿಕನನ್ನೂ, ಅವನನ್ನು ತಡೆಯಲು ಮೂರು ವಜ್ರಗಳ ಶೋಧವನ್ನೂ ಸೇರಿಸಿದರು. ತೋಟದ ಹರಟೆಗೆ ಒಲಿದಿದ್ದವರಿಗೆ ಲೋಕರಕ್ಷಣೆಯ ಸಾಹಸ ದೊರೆಯಿತು.

ಇದಕ್ಕೆ ಪ್ರತಿಯಾಗಿ 'ಶಾನ್ ದಿ ಶೀಪ್' ಎಂಬ ಮಾತಿಲ್ಲದ ಧಾರಾವಾಹಿಯನ್ನು ನೋಡಿ. ೨೦೦೭ರಲ್ಲಿ ಆರಂಭವಾದ ಇದನ್ನು ಇಂಗ್ಲೆಂಡಿನ ಆರ್ಡ್‌ಮನ್ ಸಂಸ್ಥೆಯವರು ೨೦೧೫ರಲ್ಲಿ ಚಲನಚಿತ್ರವಾಗಿಸಿದಾಗಲೂ ಕುರಿಗಳ ಬಾಯಲ್ಲಿ ಮಾತು ತುರುಕಲಿಲ್ಲ. ನೆನಪು ಕಳೆದುಕೊಂಡು ನಗರದಲ್ಲಿ ತಪ್ಪಿಸಿಕೊಂಡ ಒಡೆಯನನ್ನು ಮನೆಗೆ ಕರೆತರುವುದಷ್ಟೇ ಕುರಿಗಳ ಕೆಲಸ. ಕಥೆ ಉದ್ದವಾಯಿತು, ಆದರೆ ಅದರ ಅಳತೆ ಕೆಡಲಿಲ್ಲ.

ನಮ್ಮ ದೇಶದಲ್ಲಿಯೂ ಈ ಪ್ರಯೋಗ ನಡೆದಿದೆ. ೨೦೦೮ರಲ್ಲಿ ಕಿರುತೆರೆಗೆ ಬಂದ ಹೈದರಾಬಾದಿನ 'ಛೋಟಾ ಭೀಮ್' ೨೦೧೨ರಲ್ಲಿ ಚಿತ್ರಮಂದಿರಕ್ಕೂ ಬಂದ. ಭೀಮ ಬಲಶಾಲಿ, ಅವನೆದುರು ದೊಡ್ಡ ರಾಕ್ಷಸನನ್ನು ನಿಲ್ಲಿಸಿದರೆ ಅವನ ಸ್ವಭಾವಕ್ಕೆ ಕುಂದಿಲ್ಲ. ಆದರೆ ಸ್ವಾಮಿ ಭೀಮನಲ್ಲ. ಅವನು ಲೆಕ್ಕದ ಪಾಠಕ್ಕೆ ಅಂಜುವ, ಗೆಳೆಯರ ಕೋಪಕ್ಕೆ ಅಳುಕುವ ಸಾಧಾರಣ ಹುಡುಗ. ಅವನನ್ನು ಹಿಗ್ಗಿಸಿದರೆ ಅವನು ಸ್ವಾಮಿಯಾಗಿ ಉಳಿಯುವುದಿಲ್ಲ.

ಸ್ಥಳ ಬದಲಾಗಬಹುದು, ಅಳತೆ ಬದಲಾಗಬಾರದು

ಹಾಗಾದರೆ ಮೂಲದಲ್ಲಿರುವುದನ್ನು ಎಳ್ಳಷ್ಟೂ ಬದಲಿಸಬಾರದೆ? ಹಾಗೆ ಹೇಳಲಾಗದು. ನಾರಾಯಣ್ ಅವರ ಕೃತಿಗಳೇ ಇದಕ್ಕೆ ಉತ್ತರ ಕೊಡುತ್ತವೆ. ಅವರ 'ದಿ ಗೈಡ್' ಕಾದಂಬರಿ ೧೯೬೫ರಲ್ಲಿ ಹಿಂದಿ ಚಿತ್ರವಾಯಿತು. ತಮ್ಮ ಕಥೆಗೆ ಹೊಂದುವ ತಾಣಗಳನ್ನು ಮೈಸೂರು ಸೀಮೆಯಲ್ಲಿ ತಾವೇ ತೋರಿಸಿದ್ದರೂ ಚಿತ್ರತಂಡದವರು ರಾಜಸ್ಥಾನದ ವೈಭವವನ್ನು ಅರಸಿಹೋದರೆಂದು ಅವರು ನೊಂದು, ಆ ಅನುಭವವನ್ನು ಪ್ರಬಂಧವೊಂದರಲ್ಲಿ ವಿನೋದಬೆರೆತ ಕಹಿಯಿಂದ ವಿವರಿಸಿದ್ದಾರೆ. ಜನ ಆ ಚಿತ್ರವನ್ನು ಮೆಚ್ಚಿದರು; ಆದರೆ ಕರ್ತೃವಿಗೆ ತನ್ನ ಮಾಲ್ಗುಡಿ ಅದರಲ್ಲಿ ಕಾಣಲಿಲ್ಲ.

ಶಂಕರ್‌ನಾಗ್ ಕೂಡ ಸ್ಥಳವನ್ನು ಬದಲಿಸಿದರು. ಕಾದಂಬರಿಗಳ ಮಾಲ್ಗುಡಿ ಸರಯೂ ನದಿಯ ದಡದ, ಮಾರ್ಕೆಟ್ ರಸ್ತೆಯಿರುವ ಸಣ್ಣ ಪಟ್ಟಣ. ಧಾರಾವಾಹಿಯ ಮಾಲ್ಗುಡಿಯಾದರೋ ಮಳೆಯ ತವರಾದ ಆಗುಂಬೆ. ಹೆಂಚಿನ ಮನೆ, ತೊಟ್ಟಿಯ ಅಂಗಳ, ಮರದ ಕಂಬ ಇವೆಲ್ಲ ಮಲೆನಾಡಿನವು. ಆದರೂ ಅದು ಮಾಲ್ಗುಡಿಯಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಕಾರಣ ಸ್ಪಷ್ಟವಾಗಿದೆ: ಅಲ್ಲಿ ನೆಲ ಬದಲಾಯಿತೇ ಹೊರತು ಅಳತೆ ಬದಲಾಗಲಿಲ್ಲ. ಬಾಲಕನ ಕಣ್ಣಿಗೆ ಯಾವುದು ಎಷ್ಟು ದೊಡ್ಡದೋ ತೆರೆಯ ಮೇಲೂ ಅದು ಅಷ್ಟೇ ದೊಡ್ಡದಾಗಿತ್ತು.

ಆ ಅಳತೆ ಎಂಥದೆಂಬುದಕ್ಕೆ ಕಾದಂಬರಿಯ ಒಂದು ಟೋಪಿಯ ಪ್ರಸಂಗ ಸಾಕು. ೧೯೩೦ರ ಸ್ವಾತಂತ್ರ್ಯ ಚಳವಳಿಯ ದಿನಗಳು. ಜನರು ವಿದೇಶಿ ಬಟ್ಟೆಗಳನ್ನು ರಾಶಿಹಾಕಿ ಸುಡುತ್ತಿದ್ದಾರೆ. ಯಾರೋ ಹಂಗಿಸಿದೊಡನೆ ಸ್ವಾಮಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಬೆಳಗಾದರೆ ತಂದೆಗೆ ಏನು ಹೇಳಲಿ ಎಂಬ ಚಿಂತೆ. ಕೊನೆಗೆ ತಿಳಿಯುವುದೇನೆಂದರೆ, ಆ ಟೋಪಿಯನ್ನು ತಂದೆ ಕೊಂಡು ತಂದದ್ದು ಖಾದಿ ಅಂಗಡಿಯಿಂದಲೇ! ಒಂದು ರಾಷ್ಟ್ರದ ಇತಿಹಾಸ ಒಬ್ಬ ಹುಡುಗನ ಟೋಪಿಯಷ್ಟು ಪುಟ್ಟ ವಸ್ತುವಿನಲ್ಲಿ ಹಾದುಹೋಗುತ್ತದೆ. ಅನಿಮೇಷನ್‌ಗೆ ಸಾವಿರ ಜನರ ಮೆರವಣಿಗೆಯನ್ನೂ ಮುಗಿಲೆತ್ತರದ ಜ್ವಾಲೆಯನ್ನೂ ತೋರಿಸುವುದು ಕಷ್ಟವಲ್ಲ. ಕಷ್ಟವಾದದ್ದು, ಅವೆಲ್ಲದರ ನಡುವೆ ನೋಡುವ ಮಗುವಿನ ಕಣ್ಣು ಆ ಟೋಪಿಯ ಮೇಲೆಯೇ ನಿಲ್ಲುವಂತೆ ಮಾಡುವುದು.

ಕಾದಂಬರಿಯ ಮುಕ್ತಾಯವೂ ಹಾಗೆಯೇ. ಊರುಬಿಟ್ಟು ಹೋಗುತ್ತಿರುವ ಗೆಳೆಯ ರಾಜಂನ ಮುನಿಸು ಕಳೆಯಲೆಂದು ಸ್ವಾಮಿ ರೈಲು ನಿಲ್ದಾಣಕ್ಕೆ ಓಡಿಬಂದು ಒಂದು ಕಥಾಪುಸ್ತಕವನ್ನು ಕೊಡುತ್ತಾನೆ. ರೈಲು ಹೊರಡುತ್ತದೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ಎಂಬುದು ಸ್ವಾಮಿಗೂ ಖಚಿತವಿಲ್ಲ, ನಮಗೂ ಇಲ್ಲ. ದೊಡ್ಡ ತೆರೆಯವರು ಇಲ್ಲಿ ಇಬ್ಬರನ್ನೂ ಅಪ್ಪಿಕೊಳ್ಳುವಂತೆ ಮಾಡಲು ಹಾತೊರೆಯಬಹುದು. ಹಾಗೆ ಮಾಡಿದ ದಿನ ಮಾಲ್ಗುಡಿ ಮುಗಿಯಿತೆಂದೇ ತಿಳಿಯಬೇಕು. ಎಲ್ಲ ಮುನಿಸುಗಳೂ ತಿಳಿಯಾಗುವುದಿಲ್ಲ ಎಂಬ ಸತ್ಯವನ್ನು ಮೃದುವಾಗಿ ಕಲಿಸುವ ಕಥೆಗಳು ಮಕ್ಕಳಿಗೆ ಸಿಗುವುದು ಅಪರೂಪ.

ಸ್ವಾಮಿ ಯಾವ ನುಡಿಯಲ್ಲಿ ಮಾತನಾಡಬೇಕು?

ಇನ್ನು ಭಾಷೆಯ ವಿಚಾರ. ಕನ್ನಡಿಗ ನಿರ್ದೇಶಕ, ಕನ್ನಡ ನೆಲ, ಬಹುಪಾಲು ಕನ್ನಡದ ಕಲಾವಿದರು. ಆದರೂ ಧಾರಾವಾಹಿ ಮಾತನಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅಂದಿನ ರಾಷ್ಟ್ರೀಯ ಜಾಲಕ್ಕೆ ಅದು ಅನಿವಾರ್ಯವಾಗಿತ್ತು. ಜೀ ಕನ್ನಡ ವಾಹಿನಿಯಲ್ಲಿ ಅದು ಕನ್ನಡದ ಮಾತುಗಳೊಡನೆ ಪ್ರಸಾರವಾದದ್ದು ೨೦೨೦ರ ಲಾಕ್‌ಡೌನ್ ದಿನಗಳಲ್ಲಿ; ಅಂದರೆ ಮೊದಲ ಪ್ರಸಾರದ ಮೂರು ದಶಕಗಳ ಅನಂತರ.

ವ್ಯಂಗ್ಯಚಿತ್ರಗಳ ಲೋಕದಲ್ಲಿಯೂ ನಮ್ಮ ಮಕ್ಕಳ ಪಾಡು ಬಹುಕಾಲ ಹೀಗೆಯೇ ಇತ್ತು. ತೊಂಬತ್ತರ ದಶಕದಲ್ಲಿ ದೂರದರ್ಶನದ 'ಜಂಗಲ್ ಬುಕ್' ಅನ್ನು ಕನ್ನಡದ ಮಕ್ಕಳು ನೋಡಿದ್ದು ಹಿಂದಿಯಲ್ಲಿ. ೨೦೦೯ರಲ್ಲಿ ಚಿಂಟು ಟಿ.ವಿ. ಎಂಬ ಕನ್ನಡ ಮಕ್ಕಳ ವಾಹಿನಿ ಆರಂಭವಾದ ಮೇಲೆ ಈ ಕೊರತೆ ಸ್ವಲ್ಪ ನೀಗಿತು. ಆದರೆ ಡಬ್ಬಿಂಗ್ ಎಂದರೆ ಬೇರೊಂದು ನುಡಿಗಾಗಿ ಅಲುಗಿದ ತುಟಿಗಳಿಗೆ ನಮ್ಮ ಮಾತನ್ನು ಹೊಂದಿಸುವುದು. ಮಾತು ಮೊದಲು, ಗೊಂಬೆ ಅನಂತರ ಎಂದು ಮೇಲೆ ಹೇಳಿದ್ದನ್ನು ಇಲ್ಲಿ ನೆನೆಯಿರಿ. ಅನಿಮೇಷನ್ ಮಾಲ್ಗುಡಿಯ ಮಾತು ಮೊದಲು ಕನ್ನಡದಲ್ಲಿಯೇ ಮುದ್ರಿತವಾದರೆ, ಸ್ವಾಮಿಯ ತುಟಿ, ಹುಬ್ಬು, ಹೆಗಲು ಎಲ್ಲವೂ ಕನ್ನಡಕ್ಕೆ ತಕ್ಕಂತೆ ಚಲಿಸುತ್ತವೆ. ಉಳಿದ ಭಾಷೆಗಳಿಗೆ ಅಲ್ಲಿಂದ ಡಬ್ ಮಾಡಿಕೊಳ್ಳಲಿ.

ಇದರಲ್ಲೊಂದು ಸೂಕ್ಷ್ಮವೂ ಉಂಟು. ಇಂಗ್ಲಿಷಿನಲ್ಲಿ ತಂದೆಗೂ ಅಜ್ಜಿಗೂ ಗೆಳೆಯನಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಸ್ವಾಮಿ ತಂದೆಯನ್ನು 'ನೀವು' ಎನ್ನುವನೋ 'ನೀನು' ಎನ್ನುವನೋ? ಹಳೆಯ ಮೈಸೂರಿನ ಅನೇಕ ಮನೆಗಳಂತೆ 'ಅಣ್ಣ' ಎಂದು ಕರೆಯುವನೋ, 'ಅಪ್ಪ' ಎನ್ನುವನೋ? ಅಜ್ಜಿಯ ಮಡಿಲಲ್ಲಿ ಏಕವಚನ, ತಂದೆಯೆದುರು ಬಹುವಚನ ಎಂದು ಇಟ್ಟರೆ ಆ ಮನೆಯ ಪ್ರೀತಿ ಭಯಗಳ ಲೆಕ್ಕವೆಲ್ಲ ಎರಡು ಪದಗಳಲ್ಲಿ ತಿಳಿದುಹೋಗುತ್ತದೆ. ಇಂಗ್ಲಿಷ್ ಮೂಲದಲ್ಲಿ ಇಲ್ಲದ ಸಂಪತ್ತನ್ನು ಕನ್ನಡ ತಾನಾಗಿಯೇ ತಂದುಕೊಡಬಲ್ಲದು.

ಕೈಗಳಿವೆ, ಕಥೆಗಳು ಬೇಕು

ಇದೆಲ್ಲ ಕನಸು ಮಾತ್ರವೆ? ಅಲ್ಲ. ಕರ್ನಾಟಕ ಸರ್ಕಾರ ೨೦೧೨ರಲ್ಲಿಯೇ ಅನಿಮೇಷನ್ ಉದ್ಯಮಕ್ಕೆಂದು ಪ್ರತ್ಯೇಕ ನೀತಿಯನ್ನು ರೂಪಿಸಿತು. ಬೆಂಗಳೂರಿನ ಸಾವಿರಾರು ಯುವಕ ಯುವತಿಯರು ಪರದೇಶದ ಚಿತ್ರಗಳಿಗಾಗಿ ದುಡಿದು ನುರಿತಿದ್ದಾರೆ. ಆದರೆ ಅನ್ಯರ ಕಥೆಗೆ ಕೂಲಿಯಾಗಿ ದುಡಿಯುವವರ ಬದುಕು ಅನ್ಯರ ಕೈಯಲ್ಲಿಯೇ ಇರುತ್ತದೆ. ೨೦೨೫ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದುಬಿದ್ದಾಗ ಬೆಂಗಳೂರಿನ ಅದರ ಶಾಖೆಯೂ ಮುಚ್ಚಿ, ನುರಿತ ಕಲಾವಿದರು ಏಕಾಏಕಿ ಕೆಲಸ ಕಳೆದುಕೊಂಡರು.

ನಮ್ಮದೇ ಕಥೆಗಳಿಂದ ಏನಾಗಬಹುದೆಂಬುದಕ್ಕೂ ನಿದರ್ಶನಗಳಿವೆ. ಗೋವಿನ ಹಾಡನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಅವರು ಜನರಿಂದಲೇ ಹಣ ಕೂಡಿಸಿ 'ಪುಣ್ಯಕೋಟಿ' ಎಂಬ ಸಂಸ್ಕೃತ ಅನಿಮೇಷನ್ ಚಿತ್ರವನ್ನು ರೂಪಿಸಿದರು; ಇಳಯರಾಜ ಅವರ ಸಂಗೀತದ ಆ ಚಿತ್ರ ೨೦೨೦ರಲ್ಲಿ ಬಿಡುಗಡೆಯಾಯಿತು. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ 'ಮಹಾವತಾರ ನರಸಿಂಹ' ೨೦೨೫ರಲ್ಲಿ ದೇಶದಾದ್ಯಂತ ಚಿತ್ರಮಂದಿರಗಳನ್ನು ತುಂಬಿಸಿತು. ಪುರಾಣಕ್ಕೆ ಪ್ರೇಕ್ಷಕರಿದ್ದಾರೆಂದು ಸಿದ್ಧವಾಯಿತು. ಸಾಧಾರಣ ಹುಡುಗನೊಬ್ಬನ ಸಾಧಾರಣ ದಿನಕ್ಕೂ ಪ್ರೇಕ್ಷಕರಿದ್ದಾರೆಂದು ತೋರಿಸುವ ಧೈರ್ಯ ಯಾರಿಗಾದರೂ ಬರಬೇಕಾಗಿದೆ.

ಆ ದಿನ ಬರುವವರೆಗೆ ಗೃಹಸ್ಥರು ಕೈಕಟ್ಟಿ ಕೂರಬೇಕಾಗಿಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಬಹುಮಹಡಿ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ರಜೆಯ ದಿನಗಳಲ್ಲಿ ಸ್ವಾಮಿಯ ಕಥೆಯನ್ನು ಕನ್ನಡದಲ್ಲಿ ಹೇಳಿರಿ. ಹಳೆಯ ಧಾರಾವಾಹಿಯನ್ನು ಒಟ್ಟಿಗೆ ಕುಳಿತು ನೋಡಿರಿ. ಸಾಧ್ಯವಾದರೆ ಯಶವಂತಪುರದಲ್ಲಿ ರೈಲು ಹತ್ತಿಸಿ ಅರಸಾಳನ್ನು ತೋರಿಸಿಕೊಂಡು ಬನ್ನಿರಿ. ಅನಂತರ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಸ್ವಾಮಿಯನ್ನು ಬರೆಯಲು ಹೇಳಿರಿ. ಮಗು ಬೆಂಕಿಯನ್ನು ಎಷ್ಟು ದೊಡ್ಡದಾಗಿ ಬರೆಯಿತು, ಟೋಪಿಯನ್ನು ಎಷ್ಟು ದೊಡ್ಡದಾಗಿ ಬರೆಯಿತು ಎಂಬುದನ್ನು ಗಮನಿಸಿರಿ. ಮುಂದೆ ಮಾಲ್ಗುಡಿಗೆ ಗೆರೆಗಳಲ್ಲಿ ಜೀವ ತುಂಬುವವರು ಮೊದಲು ನೋಡಬೇಕಾದದ್ದು ಅಂಥ ಹಾಳೆಗಳನ್ನೇ.