‘ತ್ರೀಫೋಲ್ಡ್’ ಎಂದರೆ ಎಷ್ಟು ಮಡಿ?

ಎರಡು ತಿಂಗಳ ಹಿಂದೆ ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಕಡೆಯಿಂದ ಒಂದು ಮೇಲ್ ಬಂತು. ಸ್ಟೋರೇಜನ್ನು ‘ತ್ರೀಫೋಲ್ಡ್’ ಹೆಚ್ಚಿಸಬೇಕು ಎಂದಿತ್ತು. ಆಗ ಇದ್ದದ್ದು 20 ಟಿಬಿ. ಇದ್ದದ್ದರ ಮೇಲೆ ಇನ್ನೂ ಮೂರರಷ್ಟು ಎಂದುಕೊಂಡು 80 ಟಿಬಿಗೆ ಖರ್ಚಿನ ಅಂದಾಜು ಕಳಿಸಿದೆ. ಅವರಿಗೆ ಬೇಕಾಗಿದ್ದದ್ದು 60. ಮೀಟಿಂಗಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ಲೆಕ್ಕ ತಿದ್ದಬೇಕಾಯಿತು.

ಆ ಭಾನುವಾರ, ಊರಿಂದ ಪುಣೆಗೆ ಬಂದಿದ್ದ ಅಮ್ಮ ನನ್ನ ಮಗಳಿಗೆ ಬಟ್ಟೆ ಮಡಚುವುದನ್ನು ಹೇಳಿಕೊಡುತ್ತಿದ್ದರು. “ಹಾಗಲ್ಲ ಪುಟ್ಟಿ, ಟವೆಲ್ಲು ಮೂರು ಪದರ ಬರಬೇಕು” ಎಂದರು. ನನ್ನ ತಪ್ಪು ಎಲ್ಲಿತ್ತೆಂದು ಆಗ ತಿಳಿಯಿತು.

ಇಂಗ್ಲಿಷಿನ ‘ಫೋಲ್ಡ್’ ಎಂದರೆ ಮಡಿಕೆ. ಸಂಖ್ಯೆಯ ಜೊತೆ ಸೇರಿದಾಗ ಅದು ಎಷ್ಟು ಸಲ ಮಡಚಿದೆವು ಎಂದು ಹೇಳುವುದಿಲ್ಲ, ಒಟ್ಟು ಎಷ್ಟು ಪದರ ಎಂದು ಹೇಳುತ್ತದೆ. ಮೊದಲ ಪದರವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ 20ರ ತ್ರೀಫೋಲ್ಡ್ 60. ‘ಮ್ಯಾನಿಫೋಲ್ಡ್’ ಎಂದರೆ ಹಲವು ಮಡಿಕೆ. ‘ಮಲ್ಟಿಪ್ಲೈ’ ಕೂಡ ಇದೇ ದಾರಿಯಲ್ಲಿ ಬಂದದ್ದು: ಲ್ಯಾಟಿನ್ನಿನ ‘ಮುಲ್ಟುಸ್’ ಎಂದರೆ ಹಲವು, ‘ಪ್ಲಿಕಾರೆ’ ಎಂದರೆ ಮಡಚು.

ಇದನ್ನು ಓದುವಾಗ ನಮ್ಮ ‘ಇಮ್ಮಡಿ’, ‘ಮುಮ್ಮಡಿ’, ‘ನೂರ್ಮಡಿ’ ನೆನಪಾದವು. ಕನ್ನಡದ ‘ಮಡಿ’ಗೂ ಮಡಿಕೆ ಎಂಬ ಅರ್ಥವಿದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಬಟ್ಟೆಯ ಪದರ ನೋಡಿಯೇ ಹೆಚ್ಚಳವನ್ನು ಎಣಿಸಿವೆ. ಸಂಸ್ಕೃತ ಹಿಡಿದದ್ದು ಹಗ್ಗವನ್ನು. ‘ಗುಣ’ ಎಂದರೆ ಎಳೆ, ‘ದ್ವಿಗುಣ’ ಎಂದರೆ ಎರಡೆಳೆಯದು. ಶಾಲೆಯಲ್ಲಿ ಕಲಿತ ಗುಣಾಕಾರದಲ್ಲಿರುವುದೂ ಅದೇ ‘ಗುಣ’.

ಇಷ್ಟನ್ನೂ ಮಗಳಿಗೆ ಹೇಳಿದೆ. ಮನೆಯ ಹೊರಗೆ ಅವಳ ಕಿವಿಗೆ ಬೀಳುವುದು ಮರಾಠಿಯ ‘ದುಪ್ಪಟ್’, ‘ತಿಪ್ಪಟ್’. ಸ್ವಲ್ಪ ಯೋಚಿಸಿ ಕೇಳಿದಳು, “ಅಪ್ಪಾ, ಹಾಗಾದ್ರೆ ಇಮ್ಮಡಿ ಪುಲಿಕೇಶಿ ಡಬಲ್ ದಪ್ಪ ಇದ್ನಾ?”

ಅಮ್ಮ ನಕ್ಕೂ ನಕ್ಕೂ ಕೈಯಲ್ಲಿದ್ದ ಟವೆಲ್ ಬಿಟ್ಟರು. ಅರಸರ ಹೆಸರಿನ ಮುಂದೆ ಬಂದಾಗ ‘ಇಮ್ಮಡಿ’ ಎಂದರೆ ಆ ಹೆಸರಿನ ಎರಡನೆಯವನು, ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದರೆ ನಾಲ್ಕನೆಯವರು ಎಂದು ವಿವರಿಸಿದೆ. ಈ ಪದಗಳನ್ನು ಅವಳು ಪುಣೆಯ ಶಾಲೆಯಲ್ಲಿ ಕಲಿಯುವುದಿಲ್ಲ. ನಾವು ಮನೆಯಲ್ಲಿ ಆಡಿದರಷ್ಟೇ ಅವಳಿಗೆ ಸಿಗುತ್ತವೆ.

ಆಫೀಸಿನಲ್ಲಿ ಮಾತ್ರ ಈಗ ಯಾವ ‘ಫೋಲ್ಡ್’ ಸಹವಾಸಕ್ಕೂ ಹೋಗುವುದಿಲ್ಲ. “20 ಟಿಬಿಯಿಂದ 60 ಟಿಬಿಗೆ” ಎಂದು ಅಂಕಿಯಲ್ಲೇ ಬರೆಯುತ್ತೇನೆ. ಮನೆಯಲ್ಲಿ ಮಗಳು ತಿಂಡಿ ಹೊತ್ತಿಗೆ “ಚಟ್ನಿ ಇಮ್ಮಡಿ ಹಾಕು” ಎನ್ನುತ್ತಾಳೆ. ನಾವು ಯಾರೂ ತಿದ್ದಲು ಹೋಗಿಲ್ಲ.