ಡಿಫೆನ್‌ಬೇಕಿಯಾ ಅಗಿದರೆ ಮಾತು ನಿಲ್ಲುತ್ತದೆಯೇ?

ಪ್ರಶ್ನೆ: ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ ಡಿಫೆನ್‌ಬೇಕಿಯಾ ಗಿಡಕ್ಕೆ ‘ಡಂಬ್ ಕೇನ್’ ಎಂಬ ಹೆಸರೇಕೆ?

ಉತ್ತರ: ಇದರ ಎಲೆ, ಕಾಂಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅಗಿದರೆ ಅವು ನಾಲಿಗೆ, ಗಂಟಲಿಗೆ ಚುಚ್ಚಿ ಉರಿ, ಊತ ತರುತ್ತವೆ. ಕೆಲವೊಮ್ಮೆ ಮಾತೇ ಹೊರಡದು. ‘ಡಂಬ್’, ಅಂದರೆ ಮೂಕ, ಎಂಬ ಹೆಸರು ಬಂದದ್ದು ಹಾಗೆ. ನಮ್ಮ ಕೆಸುವಿನ ತುರಿಕೆಗೂ ಇಂಥ ಹರಳುಗಳೇ ಕಾರಣ; ಎರಡೂ ಒಂದೇ ಕುಟುಂಬದವು. ಕೆಸುವಿಗಾದರೆ ಹುಣಸೆಹುಳಿ ಸೇರಿಸಿ, ಚೆನ್ನಾಗಿ ಬೇಯಿಸಿ ಪತ್ರೊಡೆ ಮಾಡುತ್ತೇವೆ. ಡಿಫೆನ್‌ಬೇಕಿಯಾ ಅಡುಗೆಮನೆಗೆ ಬರುವಂಥದ್ದಲ್ಲ.

ಇದರ ತವರು ಅಮೆರಿಕ ಖಂಡಗಳ ಉಷ್ಣವಲಯ. ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಮುಖ್ಯ ತೋಟಗಾರ ಜೋಸೆಫ್ ಡಿಫೆನ್‌ಬಾಖ್ ಅವರ ಹೆಸರನ್ನು ಈ ಕುಲಕ್ಕೆ ಇಟ್ಟವರು ಸಸ್ಯವಿಜ್ಞಾನಿ ಹೈನ್ರಿಖ್ ಶಾಟ್, 1829ರಲ್ಲಿ.

ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಎಟುಕದಂತೆ ಕುಂಡ ಇಡಿ. ಗಿಡ ಕತ್ತರಿಸಿದ ಮೇಲೆ ಕೈ ತೊಳೆಯಿರಿ.